ಕಪ್ಪೆ ಟೋಪಿಯ ಇಂಜಿನಿಯರು

‘ಯೋಚನೆ ಮಾಡಿ ಹೇಳ್ತೀನಿ’ ಎಂಬ ಮಾತನ್ನು ಲೋಕದಲ್ಲಿ ಮೊದಲು ಆಡಿದವನು ಯಾರೋ ಒಬ್ಬ ಅಪ್ಪನೇ ಇರಬೇಕು. ಅದರಲ್ಲಿ ಯೋಚನೆಯೂ ಇರುವುದಿಲ್ಲ, ಹೇಳುವುದೂ ಇರುವುದಿಲ್ಲ. ಮಕ್ಕಳು ಕೇಳಿದ್ದನ್ನು ತಾವಾಗಿಯೇ ಮರೆಯಲಿ ಎಂದು ಕಾಯುವುದಕ್ಕೆ ಇಟ್ಟ ಮರ್ಯಾದೆಯ ಹೆಸರು ಅದು. ನಮ್ಮಪ್ಪ ಇಷ್ಟೆಲ್ಲ ಸುತ್ತುಬಳಸುತ್ತಿರಲಿಲ್ಲ. ಹಿರಿಯೂರಿನ ಬಸ್‌ಸ್ಟ್ಯಾಂಡಿನ ಪಕ್ಕ ಸೈಕಲ್ ರಿಪೇರಿ ಮಾಡುತ್ತಿದ್ದ ಅವರು, ನಾನು ಏನು ಕೇಳಿದರೂ ಪಂಕ್ಚರಾದ ಟ್ಯೂಬಿನಿಂದ ತಲೆ ಎತ್ತದೆ ‘ಬ್ಯಾಡ’ ಅನ್ನುತ್ತಿದ್ದರು. ಎಷ್ಟೋ ಸಲ ನಾನು ಬಾಯಿ ತೆರೆಯುವ ಮೊದಲೇ ಅಂದುಬಿಡುತ್ತಿದ್ದರು. ನಾನು ಓದಿದವನು. ಅದೇ ‘ಬ್ಯಾಡ’ವನ್ನು ತಿಂಗಳುಗಟ್ಟಲೆ ಎಳೆಯಬಲ್ಲೆ.

ಓದಿದವನು ಎಂದೆನಲ್ಲ, ಆ ವಿಷಯವನ್ನು ಇಲ್ಲೇ ಹೇಳಿ ಮುಗಿಸುತ್ತೇನೆ, ಹೇಗೂ ಹೇಳದೆ ಬಿಡುವವನಲ್ಲ ನಾನು. ನಮ್ಮ ವಂಶದಲ್ಲಿ ನನಗಿಂತ ಮುಂಚೆ ಕಾಲೇಜಿನ ಕಾಂಪೌಂಡು ದಾಟಿದವರು ಒಬ್ಬರೇ, ನಮ್ಮ ಚಿಕ್ಕಪ್ಪ. ಅವರು ಹೋದದ್ದು ಸುಣ್ಣ ಹೊಡೆಯಲು. ನಾನು ಬಿ.ಇ. ಮುಗಿಸಿ, ಈಗ ಜಪಾನಿನ ನಗೋಯಾದಲ್ಲಿ ಕಾರಿನ ಬ್ರೇಕುಗಳಿಗೆ ಸಾಫ್ಟ್‌ವೇರ್ ಬರೆಯುತ್ತೇನೆ. ಕರಿ ಗೌನು, ಕರಿ ಟೋಪಿ ಹಾಕಿಕೊಂಡು ತೆಗೆಸಿದ ಫೋಟೋ ಸಮುದ್ರ ದಾಟಿ ನನ್ನ ಜೊತೆಗೇ ಬಂದಿದೆ. ಆದರೆ ಈ ಊರಿನ ಬಾಡಿಗೆ ಮನೆಗಳಲ್ಲಿ ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಹಾಗಾಗಿ ಆ ಘನತೆಯೆಲ್ಲ ಅಡುಗೆಮನೆಯ ಕಪಾಟಿನ ಮೇಲೆ, ಅನ್ನದ ಕುಕ್ಕರಿಗೆ ಒರಗಿ ನಿಂತಿದೆ. ‘ರೀ, ಆ ಗೌನಿನವರನ್ನ ಸ್ವಲ್ಪ ಆಚೆ ಸರಿಸಿ, ಮುಚ್ಚಳ ತೆಗೀಬೇಕು’ ಎಂದು ನನ್ನ ಹೆಂಡತಿ ರೂಪಾ ದಿನವೂ ಹೇಳುತ್ತಾಳೆ. ನನ್ನ ಓದಿನ ಗುಟ್ಟು ಬಹಳ ಸರಳ: ನಾನು ಆಡಲಿಲ್ಲ. ನಮ್ಮ ಬೀದಿಯಲ್ಲಿ ಆಡಿದವರೆಲ್ಲ ಫೇಲಾದರು, ಆಡದ ನಾನು ಪಾಸಾದೆ. ನಾನು ಆಟಕ್ಕೆ ಹೋಗುತ್ತಿರಲಿಲ್ಲವೋ, ಅಥವಾ ಯಾರೂ ನನ್ನನ್ನು ಸೇರಿಸಿಕೊಳ್ಳುತ್ತಿರಲಿಲ್ಲವೋ ಎಂಬ ಸೂಕ್ಷ್ಮಕ್ಕೆಲ್ಲ ಈಗ ಇಳಿಯುವುದು ಬೇಡ.

ಇಂಥ ಮನೆಯಲ್ಲಿ ಹುಟ್ಟಿದ ನಮ್ಮ ಮಗಳು ಸಿಂಚನಾ, ಇಲ್ಲಿನ ಸ್ಕೂಲಿನಲ್ಲಿ ಐದನೇ ಕ್ಲಾಸು, ಒಂದು ಸಂಜೆ ಆನ್‌ಲೈನ್ ಆಟ ಬೇಕು ಎಂದಳು. ಅದೊಂದು ದ್ವೀಪದ ಆಟ. ಹುಡುಗರು ಅವರವರ ಮನೆಯಲ್ಲೇ ಕೂತು, ಟೀವಿಯೊಳಗಿನ ಒಂದೇ ದ್ವೀಪದಲ್ಲಿ ಸೇರಿ ಕೋಟೆ ಕಟ್ಟುತ್ತಾರೆ. ಕತ್ತಲಾದ ಮೇಲೆ ದೆವ್ವಗಳು ಬರುತ್ತವೆ, ಹೊಡೆದು ಓಡಿಸುತ್ತಾರೆ.

‘ಎವ್ರಿವನ್ ಆಡ್ತಾರೆ ಅಪ್ಪಾ. ಮಿನ್ನಾ! ಕ್ಲಾಸಲ್ಲಿ ನಾನೊಬ್ಳೇ ನಾಟ್ ಪ್ಲೇಯಿಂಗ್,’ ಎಂದಳು. ‘ಮಿನ್ನಾ’ ಎಂದರೆ ಎಲ್ಲರೂ. ಒಂದೇ ಅಹವಾಲನ್ನು ಮೂರು ಭಾಷೆಯಲ್ಲಿ ಸಲ್ಲಿಸುವ ಅನುಕೂಲ ಅವಳಿಗಿದೆ.

‘ಯೋಚನೆ ಮಾಡಿ ಹೇಳ್ತೀನಿ.’

‘ಅಂದ್ರೆ ನೋ.’

ಹೀಗೆ ಅರ್ಥ ಮಾಡಿಕೊಳ್ಳುವಷ್ಟು ಕನ್ನಡ ಅವಳಿಗೆ ಬರುತ್ತದೆ ಎಂದು ನನಗೆ ಹೆಮ್ಮೆಯಾಯಿತು.

ಅವಳು ಮಲಗುವ ಕೋಣೆಗೆ ಹೋದ ಮೇಲೆ ರೂಪಾಳ ಮುಂದೆ ನನ್ನ ವಾದ ಮಂಡಿಸಿದೆ. ಕಣ್ಣು ಹಾಳು, ಓದು ಹಾಳು ಎಂಬಲ್ಲಿಂದ ಶುರು ಮಾಡಿ ದೊಡ್ಡ ಅಸ್ತ್ರಕ್ಕೆ ಬಂದೆ. ‘ಅದೆಲ್ಲ ಬಿಡು, ಆ ಕಡೆ ಯಾರು ಕೂತಿದಾರೆ ಅಂತ ಹೆಂಗೆ ಗೊತ್ತಾಗುತ್ತೆ? ಯಾವುದೋ ಮಗು ಅಂದ್ಕೊಂಡು ಇವಳು ಆಡ್ತಿರ್ತಾಳೆ. ನೋಡಿದ್ರೆ ನಲವತ್ತು ವರ್ಷದ ಗಂಡಸು, ಮೀಸೆ ಬಿಟ್ಕೊಂಡು ಚಡ್ಡೀಲಿ ಕೂತಿರ್ತಾನೆ! ಮಗು ಥರ ನಾಟಕ ಆಡ್ತಾ!’

ರೂಪಾ ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. ‘ಹೌದು, ಅದು ನೋಡ್ಕೋಬೇಕಾದ್ದೇ,’ ಎಂದಳು. ಆಮೇಲೆ, ‘ಸ್ಕೂಲಲ್ಲಿ ಊಟದ ಹೊತ್ನಲ್ಲಿ ಮಕ್ಕಳೆಲ್ಲ ನಿನ್ನೆ ಕೋಟೆ ಹಂಗಿತ್ತು, ಹಿಂಗಿತ್ತು ಅಂತ ಮಾತಾಡ್ತಾರಂತೆ. ಇವಳು ಹಾಲಿನ ಪ್ಯಾಕೆಟ್ ಮೇಲೆ ಬರ್ದಿರೋದನ್ನ ಓದ್ತಾ ಕೂತಿರ್ತಾಳಂತೆ. ದಿನಾ. ಈಗ ಮಿಯು ಕೂಡ ಇವಳಿಗೆ ಕಾಯಲ್ವಂತೆ, ಇವಳು ಮನೆಗೆ ಒಬ್ಳೇ ಬರ್ತಾಳೆ,’ ಎಂದಳು.

‘ಓದ್ತಾಳಲ್ಲ, ಒಳ್ಳೇದೇ...’ ಎಂದು ಶುರು ಮಾಡಿದವನು, ಅವಳ ಕೈಯಲ್ಲಿದ್ದ ಚಾಕು ನೋಡಿ ನಿಲ್ಲಿಸಿದೆ. ಮಿಯು-ಚಾನ್ ಎಂದರೆ ಸಿಂಚನಾಳ ಗೆಳತಿ, ಎರಡು ಬೀದಿ ಆಚೆಯ ಹುಡುಗಿ. ಒಂದನೇ ಕ್ಲಾಸಿನಿಂದ ಇಬ್ಬರೂ ಒಟ್ಟಿಗೇ ನಡೆದು ಹೋಗಿ ಬರುತ್ತಿದ್ದವರು. ಹಾಲಿನ ಪ್ಯಾಕೆಟ್ಟಿನ ಮೇಲೆ ಎಷ್ಟು ತಾನೇ ಬರೆದಿರುತ್ತಾರೆ? ಅಷ್ಟನ್ನೇ ದಿನವೂ ಓದುವ ಮಗಳ ಚಿತ್ರ ತಲೆಯಲ್ಲಿ ಕೂತುಬಿಟ್ಟಿತು. ಈ ಸಲ ‘ಯೋಚನೆ ಮಾಡಿ ಹೇಳ್ತೀನಿ’ ಎಂದದ್ದಕ್ಕೆ ನಿಜವಾಗಿಯೂ ಯೋಚನೆ ಮಾಡಬೇಕಾಗಿ ಬಂತು. ಅಭ್ಯಾಸವಿಲ್ಲದ ಕೆಲಸ.

ಬೇರೆ ಅಪ್ಪಂದಿರಾಗಿದ್ದರೆ ಹತ್ತು ನಿಮಿಷ ಆ ಆಟ ನೋಡಿ ಹೂಂ ಅಥವಾ ಊಹೂಂ ಅಂದುಬಿಡುತ್ತಿದ್ದರು. ಮೊದಲ ತಲೆಮಾರಿನ ಪದವೀಧರನಿಗೆ ಅದು ಆಗದ ಮಾತು. ನಾವು ಏನನ್ನೂ ಓದದೆ ನಂಬುವವರಲ್ಲ. ‘ಮೊದಲು ನಾನು ಆಡಿ ಪರೀಕ್ಷೆ ಮಾಡ್ತೀನಿ, ಆಟ ಪಾಸಾದ್ರೆ ನೀನು ಆಡು,’ ಎಂದು ಮಗಳಿಗೆ ಘೋಷಿಸಿ, ಆಫೀಸಿನ ಇತೋ-ಸಾನ್ ಅವರಿಂದ ಆಟದ ಯಂತ್ರವನ್ನು ಕಡ ತಂದೆ. ಅಲ್ಲಿಂದ ನೇರ ಪುಸ್ತಕದಂಗಡಿಗೆ ಹೋದೆ. ಜಪಾನಿನಲ್ಲಿ ಆಟಗಳಿಗೂ ಗೈಡ್ ಇರುತ್ತದೆ ಎಂದು ತಿಳಿದಾಗ ನನಗಾದ ಆನಂದವನ್ನು ಏನೆಂದು ಹೇಳಲಿ! ಗೈಡ್ ಎಂದರೆ ನನ್ನ ಕುಲದೈವ. ಇಂಜಿನಿಯರಿಂಗಿನ ಎಷ್ಟೋ ವಿಷಯಗಳಲ್ಲಿ ನಾನು ಮೂಲಪುಸ್ತಕದ ಮುಖವನ್ನೇ ನೋಡಿದವನಲ್ಲ. ಮೆಟ್ರೋದಲ್ಲಿ ಸುತ್ತಲಿನ ಗಂಡಸರೆಲ್ಲ ಫೋನಿನಲ್ಲಿ ಆಟ ಆಡುತ್ತಿರುವಾಗ, ನಾನೊಬ್ಬ ಟೈ ಕಟ್ಟಿಕೊಂಡು, ದೆವ್ವಗಳ ಬಣ್ಣದ ಚಿತ್ರವಿರುವ ಮಕ್ಕಳ ಪುಸ್ತಕದಲ್ಲಿ ಪೆನ್ಸಿಲಿನಿಂದ ಗೆರೆ ಎಳೆಯುತ್ತಾ ಕೂತಿರುತ್ತಿದ್ದೆ. ಮನೆಯಲ್ಲಿ ರೂಪಾಳ ಕೈಗೆ ಪುಸ್ತಕ ಕೊಟ್ಟು ಪ್ರಶ್ನೆ ಕೇಳಿಸಿಕೊಂಡೆ. ಯಾವ ದೆವ್ವಕ್ಕೆ ಬೆಂಕಿ, ಯಾವುದಕ್ಕೆ ನೀರು, ಸೇತುವೆಗೆ ಯಾವ ಮರ, ಎಲ್ಲ ಬಾಯಿಪಾಠ. ‘ಡಿಸ್ಟಿಂಕ್ಷನ್ ಬರುತ್ತೆ ಬಿಡಿ,’ ಎಂದಳು ಅವಳು. ವ್ಯಂಗ್ಯ ಎಂದು ಆಗ ಹೊಳೆಯಲಿಲ್ಲ.

ಶನಿವಾರ ಮಧ್ಯಾಹ್ನ ಪರೀಕ್ಷೆ. ‘ನಮ್ಮನೆಯಿಂದ ಒಬ್ರು ಬರ್ತಾರೆ, ಸೇರಿಸ್ಕೊಳಿ’ ಎಂದು ಸಿಂಚನಾ ಸ್ಕೂಲಿನಲ್ಲಿ ಮಿಯುಗೆ ಹೇಳಿ ಬಂದಿದ್ದಳು. ನಾನು ‘ನಾಗ’ ಎಂಬ ಹೆಸರಿನಲ್ಲಿ ದ್ವೀಪಕ್ಕೆ ಇಳಿದೆ. ಪೂರ್ತಿ ನಾಗರಾಜ ಎಂದು ಒತ್ತುವಷ್ಟರಲ್ಲಿ ಆಟ ಶುರುವಾಗಿಬಿಟ್ಟಿತ್ತು. ಮಿಯು ಮತ್ತು ಇನ್ನಿಬ್ಬರು ಮಕ್ಕಳು ಆಗಲೇ ಕಲ್ಲು ಹೊರುತ್ತಿದ್ದರು. ನಾನು ಗೈಡಿನ ಮೊದಲನೇ ಅಧ್ಯಾಯವನ್ನು ನೆನಪಿಸಿಕೊಳ್ಳುತ್ತಾ ಎರಡು ಹೆಜ್ಜೆ ಇಟ್ಟು ಕಂದಕಕ್ಕೆ ಬಿದ್ದೆ. ಮೇಲೆತ್ತಿದರು. ಮತ್ತೆ ಬಿದ್ದೆ. ಕೋಟೆಯ ಬಾಗಿಲು ಹಾಕಲು ಹೋಗಿ ನಮ್ಮವರನ್ನೇ ಹೊರಗೆ ಬಿಟ್ಟು ಚಿಲಕ ಹಾಕಿದೆ. ದೆವ್ವ ಎದುರಿಗೆ ಬಂದಾಗ ಅದರ ಹೆಸರು, ಎತ್ತರ, ದೌರ್ಬಲ್ಯ ಎಲ್ಲ ನನಗೆ ಗೊತ್ತಿತ್ತು. ಯಾವ ಗುಂಡಿ ಒತ್ತಬೇಕೆಂಬುದೊಂದು ಗೊತ್ತಿರಲಿಲ್ಲ. ಪಕ್ಕದಲ್ಲಿ ಸಿಂಚನಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದಳು. ‘ಅಪ್ಪಾ, ಓಡು! ಓಡಪ್ಪಾ! ಆ ಕಡೆ ಅಲ್ಲ!’

ಆಟ ಮುಗಿದ ಮೇಲೆ ಒಂದು ಆಶ್ಚರ್ಯ ಕಾದಿತ್ತು. ನಮ್ಮ ಆಫೀಸಿನಲ್ಲಿ ಕೆಲಸವೊಂದು ಮುಗಿದಾಗಲೆಲ್ಲ ಹನ್ಸೇಕಾಯ್ ಎಂಬ ಸಭೆ ಇರುತ್ತದೆ. ಕೆಲಸ ಚೆನ್ನಾಗಿ ಆಗಿದ್ದರೂ ಸರಿಯೇ, ಪ್ರತಿಯೊಬ್ಬರೂ ತಮ್ಮ ಒಂದು ತಪ್ಪು ಹೇಳಿ, ಮುಂದೆ ಹೇಗೆ ತಿದ್ದಿಕೊಳ್ಳುತ್ತೇವೆ ಎನ್ನಬೇಕು. ಈ ಪುಟ್ಟ ಮಕ್ಕಳು ಆಟಕ್ಕೂ ಅದನ್ನು ಇಟ್ಟುಕೊಂಡಿದ್ದಾರೆ! ಪರದೆಯ ಮೇಲೆ ಒಂದೊಂದಾಗಿ ಸಾಲುಗಳು ಮೂಡಿದವು. ಸೇತುವೆ ಕಟ್ಟುವುದು ತಡವಾಯಿತು, ಮುಂದಿನ ಸಲ ಬೇಗ ಶುರು ಮಾಡುತ್ತೇನೆ ಎಂದು ಮಿಯು ಬರೆದಳು. ನನ್ನ ಸರದಿ ಬಂತು. ಆ ಗುಂಡಿಗಳಲ್ಲಿ ಕಷ್ಟದ ಅಕ್ಷರ ಹುಡುಕುವುದು ನನ್ನಿಂದಾಗದ ಕೆಲಸ. ಹಾಗಾಗಿ ಇಲ್ಲಿನ ಮಕ್ಕಳು ಮೊಟ್ಟಮೊದಲು ಕಲಿಯುವ ಹಿರಗಾನ ಅಕ್ಷರಗಳಲ್ಲೇ, ಒಂದೊಂದಾಗಿ ಹೆಕ್ಕಿ, ‘ನೆಟ್ ಸರಿ ಇರಲಿಲ್ಲ’ ಎಂದು ಬರೆದೆ. ಆಫೀಸಿನಲ್ಲೂ ಹೆಚ್ಚುಕಡಿಮೆ ಇದನ್ನೇ ಹೇಳುವುದು.

ಆಮೇಲೆ ಮಿಯು ಬರೆದಳು: ‘ಪರವಾಗಿಲ್ಲ, ನಾಗ-ಕುನ್. ನಾವೂ ಮೊದಲು ಹಾಗೇ ಇದ್ದೆವು. ಇನ್ನು ಮುಂದೆ ನೀನು ದೀಪ ಹಿಡಿದುಕೋ. ಗಿಡದ ಹಿಂದೆ ಇರು. ದೆವ್ವವನ್ನು ನಾವು ನೋಡಿಕೊಳ್ಳುತ್ತೇವೆ.’ ಇನ್ನೊಬ್ಬಳು ನನಗೆ ಒಂದು ಹಸಿರು ಕಪ್ಪೆ ಟೋಪಿಯನ್ನು ಉಡುಗೊರೆ ಕೊಟ್ಟಳು. ನಾನು ಕರಗಿಹೋದೆ. ನಮ್ಮ ಬೀದಿಯಲ್ಲಿ ಇಂಥವರಿದ್ದಿದ್ದರೆ ನಾನು ಡಿಗ್ರಿ ಮಾಡುವ ಪ್ರಮೇಯವೇ ಬರುತ್ತಿರಲಿಲ್ಲವೇನೋ. ದೀಪ ಹಿಡಿಯುವುದೆಂದರೆ ಜವಾಬ್ದಾರಿಯ ಹುದ್ದೆ ಎಂದು ರೂಪಾಳಿಗೆ ವಿವರಿಸಿದೆ ಕೂಡ. ಇನ್ನೊಂದು ಆಟ ಶುರುವಾಯಿತು. ಟೋಪಿ ಹಾಕಿ, ಗಿಡದ ಹಿಂದೆ ನಿಂತು, ದೀಪವನ್ನು ಎತ್ತಿ ಹಿಡಿದೆ. ಇನ್ನೇನು ದೆವ್ವಗಳು ಬರಬೇಕು ಅನ್ನುವಾಗ, ಹೊರಗೆ ಬಡಾವಣೆಯ ಕಂಬದ ಸ್ಪೀಕರಿನಿಂದ ಸಂಜೆ ಐದರ ರಾಗ ಕೇಳಿಸಿತು. ಬೀದಿಯಲ್ಲಿ ಆಡುವ ಮಕ್ಕಳು ಮನೆಗೆ ಹೋಗಲಿ ಎಂದು ಇಲ್ಲಿ ದಿನವೂ ಹಾಕುವ ರಾಗ ಅದು. ನೋಡನೋಡುತ್ತಿದ್ದಂತೆ ಮಕ್ಕಳೆಲ್ಲ ‘ಬಾಯ್ ಬಾಯ್’ ಎಂದು ಬರೆದರು. ‘ಇನ್ನೂ ಐದು ನಿಮಿಷ!’ ಎಂದು ನಾನು ಹಿರಗಾನದಲ್ಲಿ ಗೋಗರೆದೆ. ‘ಹಟ ಮಾಡಬಾರದು,’ ಎಂದು ಮಿಯು ಬರೆದು ಮಾಯವಾದಳು. ಖಾಲಿ ದ್ವೀಪದಲ್ಲಿ ಕಪ್ಪೆ ಟೋಪಿ ಹಾಕಿಕೊಂಡ ನಾನು, ನನ್ನ ದೀಪ, ನನ್ನ ಕಡೆ ಬರುತ್ತಿರುವ ದೆವ್ವಗಳು. ಸಿಂಚನಾ ಮೆಲ್ಲಗೆ ಟೀವಿ ಆರಿಸಿದಳು. ‘ಐದು ಗಂಟೆ ಆಯ್ತಪ್ಪಾ. ರೂಲ್ ಈಸ್ ರೂಲ್.’

ಇಷ್ಟು ಶಿಸ್ತಿನ ಜಾಗವನ್ನು ನಾನು ಬ್ರೇಕಿನ ಲ್ಯಾಬಿನಲ್ಲೂ ಕಂಡಿಲ್ಲ. ಆಟ ಪಾಸು ಎಂದು ಆ ಸಂಜೆಯೇ ಫಲಿತಾಂಶ ಪ್ರಕಟಿಸಿದೆ. ಪರಿಚಯದ ಮಕ್ಕಳ ಜೊತೆ ಮಾತ್ರ, ಐದರ ರಾಗದವರೆಗೆ ಮಾತ್ರ. ಸಿಂಚನಾ ತನ್ನದೇ ಹೆಸರಿನಲ್ಲಿ ಆಡತೊಡಗಿದಳು. ಸೋಮವಾರದಿಂದ ಮಿಯು ಮತ್ತೆ ಇವಳ ಜೊತೆ ನಡೆದು ಬರುತ್ತಿದ್ದಾಳೆ. ಇಬ್ಬರೂ ಕೋಟೆಯ ಬಾಗಿಲ ಬಗ್ಗೆ ಜಗಳವಾಡುವುದು ಮೆಟ್ಟಿಲಿನಿಂದಲೇ ಕೇಳಿಸುತ್ತದೆ. ಶನಿವಾರಗಳಲ್ಲಿ, ಮೇಲ್ವಿಚಾರಣೆಗೆಂದು, ನಾನೂ ದೀಪ ಹಿಡಿಯಲು ಹೋಗುತ್ತೇನೆ.

ಮೊನ್ನೆ ಸೂಪರ್‌ಮಾರ್ಕೆಟ್ಟಿನಲ್ಲಿ ಸಿಂಚನಾಳ ಜೊತೆ ಮೊಟ್ಟೆ ಆರಿಸುತ್ತಿದ್ದೆ. ಎದುರಿಗೆ ಮಿಯುವಿನ ತಾಯಿ. ಇಲ್ಲಿ ಅಪ್ಪಂದಿರಿಗೆ ಸ್ವಂತ ಹೆಸರಿರುವುದಿಲ್ಲ. ‘ಸಿಂಚನಾ-ಚಾನ್ ಪಾಪಾ, ನಮಸ್ಕಾರ,’ ಎಂದು ಬಾಗಿದರು. ನಾನೂ ಬಾಗಿದೆ. ‘ಶನಿವಾರ ಬಂದರೆ ನಿಮ್ಮ ಚಿಕ್ಕ ಮಗನಿಂದ ನಮ್ಮ ಮಿಯುಗೆ ಹಬ್ಬ. ನಾಗ-ಕುನ್ ಬರ್ತಾನೆ ಅಂತ ಕಾಯ್ತಾ ಇರ್ತಾಳೆ. ಸಿಂಚನಾ-ಚಾನ್‌ಗೆ ತಮ್ಮ ಇದ್ದಾನೆ ಅಂತ ನಮಗೆ ಗೊತ್ತೇ ಇರಲಿಲ್ಲ!’

ನಾನು ತಮ್ಮನಿಗಾಗಿ ಹಿಂದೆ ತಿರುಗಿ ನೋಡಿದೆ. ಸಿಂಚನಾ ಮೊಟ್ಟೆಗಳನ್ನೇ ದಿಟ್ಟಿಸುತ್ತಿದ್ದಳು, ಕಿವಿ ಕೆಂಪಾಗಿತ್ತು. ‘ಕುನ್’ ಎನ್ನುವುದನ್ನು ಚಿಕ್ಕ ಹುಡುಗರ ಹೆಸರಿಗೆ ಹಚ್ಚುತ್ತಾರೆ ಎಂದು ನನಗೆ ಗೊತ್ತಿಲ್ಲದೆ ಇರಲಿಲ್ಲ. ಪ್ರೀತಿಗೆ ಹಾಗೆ ಕರೆಯುತ್ತಿದ್ದಾರೆ ಎಂದುಕೊಂಡಿದ್ದೆ. ‘ಮೊದಲನೇ ದಿನ ಐದು ಗಂಟೆಗೆ ಆಟ ನಿಂತಾಗ ಅತ್ತನಾ ಪಾಪ?’ ಎಂದು ಆಕೆ ಕಳಕಳಿಯಿಂದ ಕೇಳಿದರು.

ಆ ಕ್ಷಣದಲ್ಲಿ ಎಲ್ಲ ಒಟ್ಟಿಗೇ ಹೊಳೆಯಿತು. ನಾಚಿಕೆಗೇಡಿನ ಅಪ್ಪನನ್ನು ಮುಚ್ಚಿಡಲು ಮಗಳು ಒಬ್ಬ ತಮ್ಮನನ್ನು ಹೆತ್ತಿದ್ದಾಳೆ. ಮಗು ಎಂದುಕೊಂಡು ಈ ಊರಿನ ಅಮಾಯಕ ಮಕ್ಕಳು ಯಾರ ಜೊತೆ ಆಡುತ್ತಿದ್ದಾರೋ, ಅಲ್ಲಿ ನಿಜವಾಗಿ ಕೂತಿರುವುದು ನಲವತ್ತು ವರ್ಷದ ಗಂಡಸು. ಕೈ ತಾನಾಗಿ ಮೀಸೆಯನ್ನು ಮುಚ್ಚಿಕೊಂಡಿತು. ಚಡ್ಡಿಯ ವಿಷಯವೂ ನಿಜವೇ. ಸತ್ಯ ಹೇಳಿದರೆ ಮಗಳು ನಾಳೆಯಿಂದ ಮತ್ತೆ ಹಾಲಿನ ಪ್ಯಾಕೆಟ್ಟು ಓದಬೇಕು. ಹೇಳದಿದ್ದರೆ ನಾನು ಹೆದರಿಸಿದ್ದೆನಲ್ಲ, ಆ ಮೀಸೆಯವನು ನಾನೇ. ಬೆವರುತ್ತಾ ‘ಸುಮಿಮಾಸೆನ್’ ಎಂದೆ. ಈ ದೇಶದಲ್ಲಿ ಏನೂ ತೋಚದಾಗ ಕ್ಷಮೆ ಕೇಳಿದರೆ ಸ್ವಲ್ಪ ಸಮಯ ಸಿಗುತ್ತದೆ.

‘ಅಯ್ಯೋ, ಕ್ಷಮೆ ಯಾಕೆ? ನರ್ಸರಿಯಲ್ಲಿದ್ದಾನಂತೆ. ಆಗಲೇ ಅಷ್ಟು ಚೆನ್ನಾಗಿ ಹಿರಗಾನ ಬರೀತಾನಲ್ಲ! ದೆವ್ವಗಳ ಹೆಸರೆಲ್ಲ ಬಾಯಿಪಾಠವಂತೆ! ಇಂಡಿಯಾದ ಮಕ್ಕಳು ಓದಿನಲ್ಲಿ ಎಷ್ಟು ಜಾಣರು!’

ನಿಜ ಹೇಳಲು ಅದಕ್ಕಿಂತ ಒಳ್ಳೆಯ ಸಂದರ್ಭ ಸಿಗುತ್ತಿರಲಿಲ್ಲ. ಹೇಳಲೆಂದೇ ಬಾಯಿ ತೆರೆದೆ. ಸಿಂಚನಾ ನನ್ನ ಶರ್ಟಿನ ತುದಿ ಹಿಡಿದು ಜಗ್ಗಿದಳು. ಅವಳು ಜಗ್ಗದಿದ್ದರೂ, ನನ್ನ ಬಾಯಿಂದ ಬರುತ್ತಿದ್ದದ್ದು ಇದೇ ಎಂದು ಕಾಣುತ್ತದೆ.

‘ಹೌದು,’ ಎಂದೆ, ಮೊಟ್ಟೆಗಳ ಮುಂದೆ ಸೊಂಟದವರೆಗೆ ಬಾಗಿ. ‘ನಮ್ಮ ವಂಶದಲ್ಲಿ ಓದಿಗೆ ಅವನೇ ಮೊದಲಿಗ.’