ತಿರುವಿನಲ್ಲಿ ಬಿಗಿದುಕೊಂಡ ಟ್ರಾನ್ಸ್‌ಫರ್ ಕೇಸಿಗೆ ಟೈಲರೊಬ್ಬನ ದೂರು

ಮಾನ್ಯ ಟ್ರಾನ್ಸ್‌ಫರ್ ಕೇಸ್ ಮಹೋದಯರೇ,

ಗೇರ್‌ಬಾಕ್ಸಿನ ಬೆನ್ನಿಗೆ ಅಂಟಿಕೊಂಡು, ಇಪ್ಪತ್ತೊಂದು ವರ್ಷಗಳಿಂದ ನಮ್ಮ ಗಾಡಿಯ ಹೊಟ್ಟೆಯಡಿ ಧೂಳು ತಿನ್ನುತ್ತ, ಎಂಜಿನ್ನಿನ ಬಲವನ್ನು ಮುಂದಿನ ಚಕ್ರಗಳಿಗೂ ಹಿಂದಿನ ಚಕ್ರಗಳಿಗೂ ಪಕ್ಷಪಾತವಿಲ್ಲದೆ ಹಂಚುತ್ತಿರುವ ತಮ್ಮ ಸನ್ನಿಧಾನಕ್ಕೆ, ಸಮವಸ್ತ್ರ ಹೊಲಿದು ಬದುಕುವ ಟೈಲರೊಬ್ಬ ಕೊರಳಿನ ಟೇಪು ತೆಗೆದಿಟ್ಟು, ಕೈಮುಗಿದು ಮಾಡಿಕೊಳ್ಳುವ ಅರಿಕೆ. ತಾವು ಲೋಹದ ಪೆಟ್ಟಿಗೆಯೆಂದೂ ತಮಗೆ ಓದು ಬಾರದೆಂದೂ ಬಲ್ಲೆ. ಆದರೂ ಕಳೆದ ಎಂಟು ತಿಂಗಳು ನಮ್ಮ ಮನೆಯ ಮಾತುಕತೆಯನ್ನೆಲ್ಲ ತಾವೇ ನಡೆಸಿದ್ದರಿಂದ ಈ ಪತ್ರ ತಮಗೇ ಸಲ್ಲಬೇಕು.

ಮೊದಲು ತಮ್ಮ ಗುಣಗಾನ. ನೇರ ರಸ್ತೆಯಲ್ಲಿ ತಮ್ಮಷ್ಟು ಸಾಧು ಇನ್ನೊಬ್ಬರಿಲ್ಲ. ಬೆಳಿಗ್ಗೆ ಮೈ ತಣ್ಣಗಿರುವಾಗಲಂತೂ ಬಾಯಿಗೆ ಬೆರಳಿಟ್ಟರೂ ಕಚ್ಚುವವರಲ್ಲ. ಅರ್ಧ ಗಂಟೆ ಓಡಿ ಮೈ ಕಾದ ಮೇಲೆ, ಆಸ್ಪತ್ರೆಯ ಹಿಂಬಾಗಿಲಲ್ಲಿ ಬಟ್ಟೆಗಂಟು ಇಳಿಸಲೆಂದು ಸ್ಟೀರಿಂಗನ್ನು ಪೂರ್ತಿ ತಿರುಗಿಸಿದಾಗ ಮಾತ್ರ ತಾವು ಹಿಡಿದ ಪಟ್ಟು ಬಿಡದೆ, ಯಾರೋ ಹಿಂದಿನಿಂದ ಅಂಗಿ ಹಿಡಿದು ಜಗ್ಗಿದ ಹಾಗೆ ಗಾಡಿಯನ್ನು ತಡೆದು, ಟೈರುಗಳನ್ನು ಕಿರುಚಿಸಿ, ಎರಡು ಸಲ ಕುಪ್ಪಳಿಸಿಯೇ ಮುಂದಕ್ಕೆ ಬಿಡುತ್ತಿದ್ದಿರಿ. ತಿರುವಿನಲ್ಲಿ ಮುಂದಿನ ಚಕ್ರಗಳು ಹೆಚ್ಚು ದೂರ, ಹಿಂದಿನವು ಕಡಿಮೆ ದೂರ ಹೋಗಬೇಕೆಂಬ ಸಣ್ಣ ಸತ್ಯಕ್ಕೆ ತಾವು ತಲೆಬಾಗಲಿಲ್ಲ. ಎಲ್ಲರೂ ಸಮ ಎಂಬ ತತ್ವಕ್ಕಾಗಿ ಇಷ್ಟು ಸದ್ದು ಮಾಡಿದವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆ ಸ್ಟೀರಿಂಗ್ ಹಿಡಿದಿದ್ದವಳು ನನ್ನ ಮನೆಯವಳು. ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತು, ಮೊದಲ ಸಲ ಒಬ್ಬಳೇ ಗಾಡಿ ತಂದ ದಿನ, ನಿಲ್ಲಿಸಲು ಮನಸ್ಸಾಗದೆ ನಮ್ಮ ಅಂಗಡಿಯ ಬೀದಿಯಲ್ಲಿ ಸುಮ್ಮನೆ ಎರಡು ಸುತ್ತು ಹಾಕಿದವಳು. ತಾವು ಕುಪ್ಪಳಿಸಿದಾಗಲೆಲ್ಲ ಪಕ್ಕದಲ್ಲಿ ಕೂತ ಈ ಪಂಡಿತ ‘ಬ್ರೇಕ್ ಮೇಲಿಂದ ಕಾಲು ತೆಗಿ’ ಎಂದು ಉಪದೇಶಿಸುತ್ತಿದ್ದ. ‘ಇಟ್ಟೇ ಇಲ್ಲ ರೀ’ ಎಂದು ಅವಳು ಹೇಳುತ್ತಿದ್ದಳು. ಒಂದು ದಿನ ಆಸ್ಪತ್ರೆಯ ಕಾವಲುಗಾರನ ಎದುರಿಗೇ ‘ಕುಣಿಯಲಾರದವಳು ಅಂಗಳ ಡೊಂಕು ಅಂದ್ಳಂತೆ’ ಎಂದು ನಾನು ಗಾದೆ ಬಿಸಾಡಿದೆ. ಕಾವಲುಗಾರ ನಕ್ಕ. ಅವಳು ಗಾಡಿಯನ್ನು ಮನೆಗೆ ತಂದು, ಕೀಲಿಕೈಯನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲಿಟ್ಟು, ‘ಇನ್ಮೇಲೆ ನೀವೇ ಓಡಿಸ್ಕೊಳ್ಳಿ’ ಎಂದವಳು ಕಾಜ ಹಾಕಲು ಕೂತಳು. ಅಂದಿನಿಂದ ಗಂಟು ಹೊತ್ತು ಬಸ್ಸಿನಲ್ಲಿ ಹೋಗುತ್ತಿದ್ದಾಳೆ.

ಮರುದಿನ ಅದೇ ಹಿಂಬಾಗಿಲಲ್ಲಿ, ಬಲಗಾಲನ್ನು ಬ್ರೇಕಿನಿಂದ ಒಂದು ಗೇಣು ಮೇಲೆತ್ತಿಕೊಂಡು ನಾನೇ ಗಾಡಿ ತಿರುಗಿಸಿದೆ. ತಾವು ನನ್ನನ್ನೂ ಕುಪ್ಪಳಿಸಿದಿರಿ. ಗಂಡು ಹೆಣ್ಣೆಂಬ ಭೇದವೂ ತಮಗಿಲ್ಲವೆಂದು ತಿಳಿದು ಗೌರವ ಇಮ್ಮಡಿಯಾಯಿತು.

ಮನೆಯಲ್ಲಿ ಹೇಳದೆ ಗ್ಯಾರೇಜಿಗೆ ಹೋದೆ. ಅಲ್ಲಿನ ಮೇಸ್ತ್ರಿ ಮಾತಿಗೆ ಮುಂಚೆ ಕಿವಿ ಕೊಡುವ ಮನುಷ್ಯ. ಖಾಲಿ ಸಿಮೆಂಟು ಅಂಗಳದಲ್ಲಿ ಗಾಡಿಯನ್ನು ಎಂಟರ ಆಕಾರದಲ್ಲಿ ಸುತ್ತಿಸಿ, ತಮ್ಮ ಕುಪ್ಪಳಿಕೆಯನ್ನು ಕಣ್ಣು ಮುಚ್ಚಿ ಆಲಿಸಿ, ಆಮೇಲೆ ಅಡಿಗೆ ನುಸುಳಿ ತಮ್ಮಿಂದ ಮುಂದಿನ ಚಕ್ರಗಳಿಗೆ ಹೋಗುವ ಶಾಫ್ಟನ್ನು ಬಿಚ್ಚಿಟ್ಟು ಮತ್ತೆ ಸುತ್ತಿಸಿದ. ಗಾಡಿ ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ ತಿರುಗಿತು. ‘ಬಿಗೀತಿರೋದು ಈ ಪೆಟ್ಟಿಗೇಲೇ. ಯಾಕೆ ಅಂತ ನೋಡ್ಬೇಕು. ಟೈಲರಣ್ಣ, ಟೇಪ್ ಇದ್ಯಾ?’ ಎಂದ.

ಟೇಪು ಕೊರಳಲ್ಲೇ ಇತ್ತು. ಅರವತ್ತು ಇಂಚಿನ ಟೇಪು ಚಕ್ರದ ಸೊಂಟಕ್ಕೆ ಸಾಲದೆ, ನಡುವೆ ಸೀಮೆಸುಣ್ಣದಿಂದ ಗೀರೆಳೆದು ಎರಡು ಹಂತದಲ್ಲಿ ಅಳೆದೆ. ಮುಂದಿನ ಎಡಗಡೆಯದು ಎಂಬತ್ತೆಂಟೂವರೆ, ಹಿಂದಿನ ಬಲಗಡೆಯದು ಎಂಬತ್ತೇಳು, ಉಳಿದೆರಡು ತಲೆಗೊಂದು ಲೆಕ್ಕ. ಕಾಲಿಂಚು ಹೆಚ್ಚುಕಮ್ಮಿಯಾದರೂ ಈ ಗಾಡಿ ತಡೆಯೋದಿಲ್ಲ ಎಂದು ಮೇಸ್ತ್ರಿ ತಲೆಯಾಡಿಸಿದ. ಎರಡು ತೋಳಿನ ನಡುವೆ ಒಂದು ನೂಲು ವ್ಯತ್ಯಾಸ ಬಂದರೂ ಅಂಗಿ ಬಿಚ್ಚಿ ಹೊಲಿಯುವ ನಾನು, ಮೊಣಕೈ ಹರಿದರೆ ಮೊಣಕೈಗಷ್ಟೇ ತೇಪೆ ಎಂಬ ಕಸುಬಿನ ಜಾಣತನದಲ್ಲಿ, ಸವೆದ ಟೈರನ್ನು ಒಂದೊಂದಾಗಿ ಬದಲಿಸಿ, ಒಂದು ಸಲ ಸ್ಟೆಪ್ನಿಯನ್ನೂ ಇಳಿಸಿ, ನಾಲ್ಕು ವಯಸ್ಸಿನ ನಾಲ್ಕು ಚಕ್ರಗಳ ಮೇಲೆ ತಮ್ಮನ್ನು ಕೂರಿಸಿದ್ದೆ. ಅಂಗಳ ನಿಜಕ್ಕೂ ಡೊಂಕಾಗಿತ್ತು. ಡೊಂಕು ಮಾಡಿದವನೇ ಗಾದೆ ಹೇಳಿದ್ದ.

ತಮ್ಮೊಳಗಿನ ಎಣ್ಣೆ ಇಳಿಸಿದಾಗ ಅದು ಸುಟ್ಟ ವಾಸನೆಯ ಕರಿ ಕಷಾಯವಾಗಿತ್ತು. ಚಕ್ರಗಳು ಬೇರೆ ಬೇರೆ ವೇಗದಲ್ಲಿ ಸುತ್ತುವುದರಿಂದ ಒಳಗಿನ ಕ್ಲಚ್ ಪ್ಲೇಟುಗಳು ನೇರ ರಸ್ತೆಯಲ್ಲೂ ಉಜ್ಜಿಕೊಂಡು, ಕಾದು, ತಿರುವಿನಲ್ಲಿ ಬಿಡಬೇಕಾದಾಗ ಬಿಡಲಾರದೆ ಹೋಗುತ್ತಿದ್ದವಂತೆ. ‘ಪಾಪ, ಇದರ ತಪ್ಪೇನಿಲ್ಲ’ ಎಂದ ಮೇಸ್ತ್ರಿ. ಎಂಟು ತಿಂಗಳಲ್ಲಿ ನನ್ನ ಮನೆಯವಳಿಗೆ ಯಾರೂ ಆ ‘ಪಾಪ’ ಅಂದಿರಲಿಲ್ಲ. ಅದನ್ನು ಕೇಳಿ ನನಗೆ ನಾಚಿಕೆಯಾಯಿತು.

ಈಗ ತಮಗೆ ಒಂದೇ ಅಳತೆಯ ನಾಲ್ಕು ಟೈರು, ಹೊಸ ಎಣ್ಣೆ, ಎಲ್ಲವೂ ಸಂದಿದೆ. ತಾವೂ ಎಷ್ಟು ಸಭ್ಯರಾಗಿದ್ದೀರೆಂದರೆ ನನ್ನ ಬಳಿ ಸಾಕ್ಷಿಯೇ ಉಳಿದಿಲ್ಲ. ‘ಗಾಡಿ ಸರಿಯಾಯ್ತು, ಇನ್ನು ನೀನೇ ತಗೊಂಡ್ಹೋಗು’ ಎಂದು ಮನೆಯವಳಿಗೆ ಹೇಳಿದೆ. ‘ಏನಾಗಿತ್ತು?’ ಎಂದಳು. ‘ಏನೋ, ಆಯಿಲ್ ಹಳೇದಾಗಿತ್ತು’ ಎಂದೆ. ‘ಹೌದಾ’ ಎಂದು ಹಲ್ಲಿನಲ್ಲಿ ದಾರ ಕಡಿದು ಬಸ್ಸಿಗೆ ಹೊರಟಳು.

ಆದಕಾರಣ ತಾವು ದಯಮಾಡಿ ನಾಲ್ಕು ಬೋಲ್ಟು ಸಡಿಲಿಸಿಕೊಂಡು ನಮ್ಮ ಅಂಗಡಿಗೆ ಪಾದ ಬೆಳೆಸಿ, ‘ಆಕೆಯ ಕಾಲು ಬ್ರೇಕಿನ ಮೇಲಿರಲಿಲ್ಲ’ ಎಂಬ ಪ್ರಮಾಣಪತ್ರಕ್ಕೆ ತಮ್ಮ ಕರಿ ಎಣ್ಣೆಯಲ್ಲಿ ಹೆಬ್ಬೆಟ್ಟು ಒತ್ತಬೇಕು. ಅದಾಗದಿದ್ದರೆ ಕಳೆದ ಎಂಟು ತಿಂಗಳ ಅಷ್ಟೂ ತಿರುವುಗಳನ್ನು ಹಿಂದಕ್ಕೆ ತಿರುಗಿಸಿ ಕೊಡಬೇಕು. ಅದೂ ಆಗದಿದ್ದರೆ, ನಾನು ಸ್ಟೀರಿಂಗ್ ಹಿಡಿದು, ಅವಳು ಪಕ್ಕದಲ್ಲಿ ಕೂತು, ಕಾವಲುಗಾರ ನೋಡುತ್ತಿರುವಾಗ ಇನ್ನೊಂದೇ ಒಂದು ಸಲ ಕುಪ್ಪಳಿಸಬೇಕು. ಕಾಲು ತೆಗೆಯಿರಿ ಎಂದು ಅವಳು ನನಗೆ ಹೇಳಲಿ.

ಇಂತಿ,
ಅಳತೆ ತಪ್ಪಿದ ತಮ್ಮ ವಿಶ್ವಾಸಿ,
ಟೈಲರ್

ತಾ.ಕ.: ಪತ್ರವನ್ನು ಗಾಡಿಯಲ್ಲಿಡುವ ಮೊದಲೇ ಮನೆಯವಳ ಕೈಗೆ ಸಿಕ್ಕಿತು. ನಿಂತಲ್ಲೇ ಪೂರ್ತಿ ಓದಿ, ‘ಆ ಡಬ್ಬಕ್ಕೆ ಇಷ್ಟುದ್ದ ಬರ್ದಿದ್ದೀರಿ. ನನಗೆ ಒಂದು ಸಾಲು ಹೇಳೋಕೆ ಆಗ್ಲಿಲ್ವಾ?’ ಎಂದು ಮಡಚಿ ಕೊಟ್ಟಳು. ಆದ್ದರಿಂದ ತಾವು ಉತ್ತರಕ್ಕೆ ಅವಸರಪಡಬೇಕಿಲ್ಲ. ನಾನೀಗ ಹೊಸ ಹಾಳೆ ಹಿಡಿದು ಕೂತಿದ್ದೇನೆ. ತಮಗಾದರೆ ‘ಮಹೋದಯರೇ’ ಎಂದು ಸಲೀಸಾಗಿ ಬರೆದುಬಿಟ್ಟೆ, ಅವಳನ್ನು ಏನೆಂದು ಕರೆದು ಶುರುಮಾಡಲಿ ಎಂದು ತಿಳಿಯದೆ ಮೂರು ಸಲ ಹೊಡೆದುಹಾಕಿದ್ದೇನೆ.