ಪರದೆಯ ಬಲಮೂಲೆಯ ಹಸಿರು ಅಂಕಿಗಳ ಸನ್ನಿಧಿಗೆ

"ಮುಂದಿನ ಐತವಾರದಿಂದ ನಾ…" ಎಂದೇನೋ ಗೆಳೆಯ ಸಮ್ಮೇದ ಅಂದದ್ದು ಮಾತ್ರ ನೆನಪಿದೆ. ಮುಂದಿನದನ್ನು ಅವನು ಹೇಳುವಾಗ ನಾನು ತಮ್ಮನ್ನೇ ನೋಡುತ್ತಿದ್ದುದರಿಂದ ಈ ಬಹಿರಂಗ ಪತ್ರವನ್ನು ತಮಗೇ ಬರೆಯಬೇಕಾಗಿದೆ.

ಆಟದ ಪರದೆಯ ಬಲಮೂಲೆಯಲ್ಲಿ ವಿರಾಜಮಾನರಾಗಿ, ಸೆಕೆಂಡಿಗೆ ಎಷ್ಟು ಚಿತ್ರ, ಯಂತ್ರಕ್ಕೆ ಎಷ್ಟು ಬಿಸಿ ಎಂದು ಕ್ಷಣಕ್ಷಣವೂ ಸಾರುವ ಮಾನ್ಯರೇ, ಐನಾಪುರದ ದ್ರಾಕ್ಷಿ ಬೆಳೆಗಾರನೊಬ್ಬನ ನಮಸ್ಕಾರಗಳನ್ನು ತಮ್ಮ ಎಣಿಕೆಗೆ ಅಡ್ಡಿಯಾಗದಂತೆ ಸ್ವೀಕರಿಸಬೇಕು.

ಪ್ರತಿ ಐತವಾರ ಮಧ್ಯಾಹ್ನ ಮೂರರಿಂದ, ನಾವು ಜೈನರು ಹೊತ್ತು ಮುಳುಗುವ ಮುಂಚೆ ಮಾಡುವ ಊಟದವರೆಗೆ, ನಾನು ಇಲ್ಲಿಂದಲೂ ಶಾಲೆಯ ಕಾಲದ ಗೆಳೆಯ ಸಮ್ಮೇದ ನಿಪ್ಪಾಣಿಯಿಂದಲೂ ಆಟದ ಒಂದೇ ರಸ್ತೆಯಲ್ಲಿ ಕಾರು ಓಡಿಸುತ್ತ, ಹೆಡ್‌ಫೋನಿನಲ್ಲಿ ಹರಟುತ್ತಿದ್ದೆವು. ನನ್ನ ಕಾರು ತಿರುವುಗಳಲ್ಲಿ ತಡವರಿಸುತ್ತದೆಂದು ತಮ್ಮನ್ನು ಕರೆತರಲು ಹೇಳಿದವನೂ ಅವನೇ. "ಒಮ್ಮೆ ನೋಡು, ಆಮ್ಯಾಲೆ ತಗದ ಒಗಿ" ಎಂದಿದ್ದ. ಮೊದಲರ್ಧವನ್ನು ಪಾಲಿಸಿದೆ.

ತಾವು ತೊಂಬತ್ತೊಂದು ಡಿಗ್ರಿ ಎಂದ ದಿನ ಲ್ಯಾಪ್‌ಟಾಪನ್ನು ದ್ರಾಕ್ಷಿ ಒಣಗಿಸುವ ಶೆಡ್ಡಿಗೆ ಒಯ್ದು, ಕೆಳಗಿನಿಂದ ಗಾಳಿಯಾಡುವ ಬಲೆಯ ಮೇಲೆ, ಗೊಂಚಲುಗಳನ್ನು ಸರಿಸಿ ಜಾಗ ಮಾಡಿ ಇಟ್ಟೆ. ಎಪ್ಪತ್ತೆಂಟಕ್ಕೆ ಇಳಿಯುವ ಕೃಪೆ ಮಾಡಿದಿರಿ. ನನ್ನ ಹೆಂಡತಿ ರಾಜಮತಿ ಬಂದು ನೋಡಿ, "ದ್ರಾಕ್ಷಿ ಹಂಗ ಎಣ್ಣ್ಯಾಗ ಅದ್ದೂದೊಂದ ಬಿಟ್ಟೀರಿ ನೋಡ್ರಿ, ಹದಿನೈದ ದಿನಕ್ಕ ಒಣದ್ರಾಕ್ಷಿ ಆಗ್ತೈತಿ" ಎಂದಳು. ತಮ್ಮ ಘನತೆಯನ್ನು ನೆನೆದು ನಾನು ಇನ್ನೆರಡು ಗೊಂಚಲು ಸರಿಸಿದೆ.

ತಮ್ಮ ಸ್ಥಿತಪ್ರಜ್ಞತೆ ಅಸಾಧಾರಣವಾದುದು. ತಮ್ಮ ಮೇಲೆ ಕಣ್ಣು ನೆಟ್ಟ ಕಾರಣಕ್ಕೆ ನನ್ನ ಕಾರು ಗೋಡೆಗೆ ಗುದ್ದಿ ಮಗುಚಿದಾಗಲೂ ತಾವು ಕಿಂಚಿತ್ತೂ ಅಲುಗದೆ ಸೆಕೆಂಡಿಗೆ ಐವತ್ತೊಂಬತ್ತು ಚಿತ್ರವನ್ನೇ ತೋರಿಸಿದಿರಿ. ನಾನು ಸೋಲುತ್ತ ಹೋದೆ, ತಾವು ಸುಧಾರಿಸುತ್ತ ಹೋದಿರಿ. ಆ ಕೊನೆಯ ಐತವಾರ ಸಮ್ಮೇದ ಕಾರು ನಿಧಾನಿಸಿ, ದನಿ ತಗ್ಗಿಸಿ ಮಾತು ತೆಗೆದ. ಅದೇ ಹೊತ್ತಿಗೆ ತಾವು ಮೊದಲ ಬಾರಿಗೆ ನನ್ನ ಪರದೆಯ ಗರಿಷ್ಠವಾದ ಅರವತ್ತನ್ನು ಮುಟ್ಟಿದಿರಿ. ಅವನು ಹೇಳಿ ಮುಗಿಸಿದ ಮೇಲೆ ನಾನು ಆಡಿದ್ದು ಇಷ್ಟು: "ಅರವತ್ತಕ್ಕ ಅರವತ್ತ ಬಂತು ನೋಡಲೇ." ಅವನು "ಛಲೋ ಆತು ಬಿಡು" ಎಂದು ಆಟದಿಂದ ಹೊರಬಿದ್ದ. ಮೂರು ಐತವಾರಗಳಾದವು, ಬಂದಿಲ್ಲ, ಫೋನೂ ಎತ್ತುತ್ತಿಲ್ಲ. "ಗೆಳೆಯಾನ ಮಾತು ಎಷ್ಟ ಡಿಗ್ರಿ ಇತ್ರಿ?" ಎಂದು ರಾಜಮತಿ ಕೇಳುತ್ತಾಳೆ.

ಆದ್ದರಿಂದ ಅತಿ ಸಣ್ಣದೊಂದು ಬಿನ್ನಹ. ತಮ್ಮ ಸಾಲುಗಳ ಕೆಳಗೆ ಇನ್ನೊಂದನ್ನು ಕೂಡಿಸಿ, ಎದುರಿನವನ ಮಾತಿನಲ್ಲಿ ನೂರಕ್ಕೆ ಎಷ್ಟು ಪಾಲು ನನ್ನೊಳಗೆ ಇಳಿಯಿತು ಎಂಬುದನ್ನೂ ತೋರಿಸಬೇಕು; ಅವನ ದನಿ ತಣ್ಣಗಾಗತೊಡಗಿದರೆ ಕೆಂಪಾಗಿ ಮಿನುಗಬೇಕು; ಮತ್ತು ಈ ಏರ್ಪಾಡು ನಾಲ್ಕು ವಾರ ಹಿಂದಿನಿಂದಲೇ ಜಾರಿಗೆ ಬರಬೇಕು.

ರಸ್ತೆಯನ್ನೊಂದು ಬಿಟ್ಟು ಎಲ್ಲವನ್ನೂ ತಮ್ಮಲ್ಲೇ ಕಂಡ,
ತಮ್ಮ ವಿಶ್ವಾಸಿ,
ತವನಪ್ಪ

ತಾ.ಕ.: ನಿನ್ನೆ ತಮ್ಮನ್ನು ಪರದೆಯಿಂದ ತೆಗೆದು ಆಡಿದೆ. ಕಾರು ಚೆನ್ನಾಗಿಯೇ ಓಡಿತು. ತಾವಿಲ್ಲದ್ದು ಅದರ ಗಮನಕ್ಕೇ ಬರಲಿಲ್ಲ. ಪಕ್ಕದ ಕಾರಿನ ಜಾಗ ಮಾತ್ರ ಖಾಲಿಯಿತ್ತು. ಸಮ್ಮೇದ, "ಮುಂದಿನ ಐತವಾರದಿಂದ ನಾ" ಅಂದಿ, ಆಮ್ಯಾಲೆ ಏನಂದ್ಯಲೇ?