ಶುಕ್ರನಿಗೆ ದಾರಿ ಬಿಟ್ಟವನು

ಗಾಜಿನಲ್ಲಿ ಕದಲುವ ಬೆಳಕಿಗೆ ಹೆದರಬೇಡ, ಕದಲದ ಬೆಳಕಿಗೆ ಹೆದರು. ವಿಮಾನ ನಡೆಸಲು ಕಲಿಯುವವರಿಗೆ ಇದನ್ನು ಮೊದಲೇ ತಲೆಗೆ ತುಂಬುತ್ತಾರೆ. ಎದುರಿನ ವಿಮಾನ ಗಾಜಿನ ಮೇಲೆ ಎಡಕ್ಕೋ ಬಲಕ್ಕೋ ಸರಿಯುತ್ತಿದ್ದರೆ ಅದರ ದಾರಿ ಅದಕ್ಕೆ, ನಿಮ್ಮ ದಾರಿ ನಿಮಗೆ. ಇದ್ದಲ್ಲೇ ನಿಂತು ಹೊಳೆಯುತ್ತಿದ್ದರೆ ನೆಟ್ಟಗೆ ನಿಮ್ಮ ಮೂಗಿಗೇ ಬರುತ್ತಿದೆ ಎಂದರ್ಥ. ನಮ್ಮ ಸಹಪೈಲಟ್ ಈ ಪಾಠವನ್ನು ಚೆನ್ನಾಗಿ ಕಲಿತಿದ್ದ. ಅವತ್ತು ಅವನ ಮಾನ ಹೋದದ್ದೂ ಅದರಿಂದಲೇ.

ನಸುಕಿನಲ್ಲಿ ವಿಮಾನ ಊರಿನ ಕಡೆಗೆ ಇಳಿಯುತ್ತಿತ್ತು. ಹಿಡಿಕೆ ಅವನ ಕೈಯಲ್ಲಿತ್ತು; ಪಕ್ಕದಲ್ಲಿ ಕ್ಯಾಪ್ಟನ್ ಕಾಫಿ ಲೋಟಕ್ಕೆ ಬಾಯಿಟ್ಟಿದ್ದರು. ಎದುರಿಗೊಂದು ದಪ್ಪ ಬೆಳಕು ಕಂಡಿತು. ಕದಲಲಿಲ್ಲ. ಡಿಕ್ಕಿಯಾಗುವ ಮೊದಲು ಎಚ್ಚರಿಸುವ ಯಂತ್ರವೇನೋ ಸುಮ್ಮನಿತ್ತು. ಆದರೆ ಕೂಗಿದರೆ ಓಗೊಡುವ ವಿಮಾನಗಳಷ್ಟೇ ಆ ಯಂತ್ರಕ್ಕೆ ಗೊತ್ತು. ಓಗೊಡದವು ಅದರ ಪಾಲಿಗೆ ಇಲ್ಲವೇ ಇಲ್ಲ. ಸಹಪೈಲಟ್ "ಅಯ್ಯೋ!" ಎಂದವನೇ ಹಿಡಿಕೆಯನ್ನು ಮುಂದಕ್ಕೆ ತಳ್ಳಿದ. ವಿಮಾನ ಬಾವಿಗೆ ಬಿಟ್ಟ ಕೊಡದ ಹಾಗೆ ಧುಮುಕಿತು. ಕಾಫಿಯೆಲ್ಲ ಕ್ಯಾಪ್ಟನ್ನರ ಬಿಳಿ ಅಂಗಿಗಾಯಿತು.

ಕ್ಯಾಪ್ಟನ್ ಅಂಗಿ ಒರೆಸಿಕೊಳ್ಳುತ್ತಲೇ ಇದ್ದರು. ಎಲ್ಲ ತಹಬಂದಿಗೆ ಬಂದಮೇಲೆ ತಲೆಯೆತ್ತಿ ನೋಡಿದರೆ ಬೆಳಕು ಇನ್ನೂ ಅಲ್ಲೇ ಇದೆ.

"ಏನಯ್ಯಾ ಅದು?"

"ವಿಮಾನ, ಸಾರ್..."

"ಶುಕ್ರ ಕಣಯ್ಯಾ! ಶುಕ್ರಗ್ರಹ! ಅದು ಹುಟ್ಟಿದಾಗಿಂದ ಯಾರಿಗೂ ಡಿಕ್ಕಿ ಹೊಡೆದಿಲ್ಲ. ಆಫೀಸಿಗೆ ನಾನು ಏನಾದ್ರೂ ಹೇಳ್ಕೋತೀನಿ. ನೀನು ಮಾತ್ರ ಬಾಯಿ ಮುಚ್ಕೊಂಡಿರು."

ಭೂಮಿ ಬಾಯಿಬಿಟ್ಟಿದ್ದರೆ ಸಹಪೈಲಟ್ ಒಳಗಿಳಿದುಬಿಡುತ್ತಿದ್ದ. ಆದರೆ ಭೂಮಿ ಇನ್ನೂ ಬಹಳ ಕೆಳಗಿತ್ತು.

ಇಷ್ಟಕ್ಕೇ ಮುಗಿಯಲಿಲ್ಲ. ಅದೇ ವಿಮಾನದಲ್ಲಿ ಅವನ ಅತ್ತೆ ತಮ್ಮ ಮಗಳನ್ನು, ಅಂದರೆ ಅವನ ಹೆಂಡತಿಯನ್ನು, ನೋಡಲು ಬರುತ್ತಿದ್ದರು. ಸಹಪೈಲಟ್ ಎಂದರೆ ಲಾರಿಗೆ ಕ್ಲೀನರ್ ಇದ್ದ ಹಾಗೆ ಎಂದು ಅವರು ಮಗಳ ಮದುವೆಯಾದಾಗಿನಿಂದ ನಂಬಿದ್ದರು. ಅಳಿಯ ಏನು ಮಾಡುತ್ತಾನೆ ಎಂದು ನೆಂಟರು ಕೇಳಿದರೆ ಮಾತು ಬದಲಿಸುತ್ತಿದ್ದರು. ಅವತ್ತು ಕ್ಯಾಪ್ಟನ್ ಹೇಳಿದ ನೆಪವನ್ನು ನಂಬಿದ ವಿಮಾನದ ಹುಡುಗಿ, "ಎದುರಿಗೆ ಇನ್ನೊಂದು ವಿಮಾನ ಬಂತಂತೆ, ನಮ್ಮ ಸಹಪೈಲಟ್ ತಪ್ಪಿಸಿದ್ರಂತೆ" ಎಂದು ಯಾರಿಗೋ ಹೇಳಿದ್ದು ಅವರ ಕಿವಿಗೆ ಬಿದ್ದಿತ್ತು. ಅವನಿಗಿಂತ ಮೊದಲು ಮನೆ ತಲುಪಿದ್ದರಿಂದ ಇಡೀ ಕಟ್ಟಡಕ್ಕೆ ಸುದ್ದಿ ಹಂಚಲು ಅವರಿಗೆ ಪುರಸೊತ್ತೂ ಸಿಕ್ಕಿತು.

"ಬನ್ನಿ ಅಳಿಯಂದ್ರೇ, ಕೂತ್ಕೊಳ್ಳಿ!" ಎಂದು ಅತ್ತೆ ತಾವು ಕೂತಿದ್ದ ಕುರ್ಚಿಯನ್ನೇ ಬಿಟ್ಟುಕೊಟ್ಟರು.

"ಅತ್ತೆ, ಅದು ವಿಮಾನ ಅಲ್ಲ..."

"ಗೊತ್ತು ಬಿಡಿ. ತುಂಬಿದ ಕೊಡ ತುಳುಕಲ್ಲ."

ಅವನು ಅರ್ಧ ಊಟಕ್ಕೇ ಎದ್ದ. ಅಡುಗೆಮನೆಯಲ್ಲಿ ಹೆಂಡತಿಗೆ ನಿಜ ಹೇಳಿದ. ಅವಳು ಸೆರಗಿನಿಂದ ಬಾಯಿ ಮುಚ್ಚಿ ನಕ್ಕು, "ದಮ್ಮಯ್ಯ, ಅಮ್ಮನಿಗೆ ಹೇಳ್ಬೇಡಿ ರೀ. ನಿಮ್ಮನ್ನ ಬಹುವಚನದಲ್ಲಿ ಕರೆದಿದ್ದು ಇದೇ ಮೊದಲು" ಎಂದಳು.

ಮನೆಯಲ್ಲಿದ್ದರೆ ಹುಚ್ಚು ಹಿಡಿಯುತ್ತದೆಂದು ಹೊರಟರೆ ಮೆಟ್ಟಿಲಲ್ಲಿ ಕಟ್ಟಡದ ಸಂಘದ ಕಾರ್ಯದರ್ಶಿ ಎದುರಾದರು. ಎದುರುಬದುರಾದಾಗ ಇಬ್ಬರೂ ತಂತಮ್ಮ ಬಲಕ್ಕೆ ಸರಿಯಬೇಕೆಂಬುದು ಆಕಾಶದ ನಿಯಮ. ಅವನು ಬಲಕ್ಕೆ ಸರಿದ. ಕಾರ್ಯದರ್ಶಿ ಎಡಕ್ಕೆ ಸರಿದರು. ಇಬ್ಬರ ಹೊಟ್ಟೆಗಳೂ ಡಿಕ್ಕಿ ಹೊಡೆದವು.

"ಸಿಕ್ಕಿದ್ರಲ್ಲ! ಸಂಜೆ ಕೆಳಗಿನ ಹಾಲಲ್ಲಿ ನಿಮಗೆ ಸನ್ಮಾನ. ಮೈಕಿಗೂ ಹೇಳಿದೀನಿ."

"ಬೇಡ ಸಾರ್, ನಾನು ಅಂಥಾದ್ದೇನೂ..."

"ನಿಮ್ಮತ್ತೆ ಹೇಳಿದ್ರು, ನೀವು ಹೀಗೇ ಅಂತೀರಾ ಅಂತ."

ಸಂಜೆ ಹಾಲ್ ತುಂಬಿತ್ತು. ಕಾರ್ಯದರ್ಶಿಯ ಭಾಷಣದಲ್ಲಿ ಎರಡು ವಿಮಾನಗಳ ನಡುವಿನ ಅಂತರ ಕುಗ್ಗುತ್ತಾ ಕುಗ್ಗುತ್ತಾ ಒಂದು ಗೇಣಿಗೆ ಬಂತು. ಮುಂದಿನ ಸಾಲಿನಲ್ಲಿ ಅತ್ತೆ ಕಣ್ಣೊರೆಸಿಕೊಂಡರು. ಆ ಕಣ್ಣೀರನ್ನು ನೋಡಿ ಅವನಿಗೆ ನಾಚಿಕೆಯಿಂದ ಮೈಯೆಲ್ಲ ಬೆವರಿತು. ಕಳ್ಳತನ ಮಾಡಿ ಸಿಕ್ಕಿಬಿದ್ದಿದ್ದರೂ ಇಷ್ಟು ಸಂಕಟ ಆಗುತ್ತಿರಲಿಲ್ಲ. ಹೂಗುಚ್ಛ ಕೈಗೆ ಬರುವ ಮೊದಲೇ ಮೈಕಿಗೆ ಬಾಯಿ ಹಚ್ಚಿದ.

"ಅದು ವಿಮಾನ ಅಲ್ಲ. ಶುಕ್ರಗ್ರಹ. ನಾನು ಶುಕ್ರನಿಗೆ ದಾರಿ ಬಿಟ್ಟೆ. ಎಲ್ಲರೂ ಕ್ಷಮಿಸ್ಬೇಕು."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ಹಾಲಿಗೆ ಹಾಲೇ ನಕ್ಕಿತು. ಅತ್ತೆ ಮಾತ್ರ ನಗಲಿಲ್ಲ. ತಲೆ ತಗ್ಗಿಸಿಕೊಂಡು ಕೂತರು. ಅಷ್ಟರಲ್ಲಿ ಅವನ ಫೋನ್ ಬಡಿದುಕೊಂಡಿತು. ಮೈಕಿನ ಮುಂದೆಯೇ ನಿಂತಿದ್ದರಿಂದ ಕ್ಯಾಪ್ಟನ್ನರ ದನಿ ಎಲ್ಲರಿಗೂ ಕೇಳಿಸಿತು.

"ಲೋ, ಅಲ್ಲಿ ನಿಜವಾಗ್ಲೂ ಒಂದು ವಿಮಾನ ಇತ್ತು ಕಣೋ! ಸಣ್ಣದು. ಕರೆಂಟ್ ಕೈಕೊಟ್ಟು ದೀಪಾನೂ ಇಲ್ಲ, ರೇಡಿಯೋನೂ ಇಲ್ಲ. ನಾವು ಧುಮುಕಿದ್ವಲ್ಲ, ಆಗ ನಮ್ಮ ತಲೆ ಮೇಲಿಂದಾನೇ ಹೋಯ್ತಂತೆ. ಅದರ ಪೈಲಟ್ ಆಫೀಸಿಗೆ ಬಂದು ಕೈ ಮುಗೀತಾ ಕೂತಿದಾನೆ. ನಿನ್ನನ್ನ ಕ್ಯಾಪ್ಟನ್ ಮಾಡ್ತಾರಂತೆ! ಶುಕ್ರನ ವಿಷಯ ಯಾರಿಗೂ ಹೇಳಿಲ್ಲ ತಾನೇ?"

"ಈಗಷ್ಟೇ ಹೇಳಿದೆ, ಸಾರ್. ಮೈಕಲ್ಲಿ."

"ಹಾಗಾದ್ರೆ ವಿಮಾನ ನೋಡಿದ್ದು ನೀನಲ್ಲ" ಎಂದರು ಕ್ಯಾಪ್ಟನ್ ನಿಧಾನವಾಗಿ. "ಆದ್ರೆ ಇದ್ದ ಇಬ್ಬರಲ್ಲಿ ಒಬ್ಬರು ನೋಡಿರ್ಲೇಬೇಕಲ್ಲ. ನಾನೇ ನೋಡಿ 'ಇಳಿಸು' ಅಂದಿರ್ಬೇಕು."

ಕಾಫಿ ಲೋಟಕ್ಕೆ ಬಾಯಿಟ್ಟಿದ್ದವರು ಹೇಗೆ ನೋಡಿದಿರಿ ಎಂದು ಕೇಳಬಹುದಿತ್ತು. ಯಾವ ಮುಖ ಇಟ್ಟುಕೊಂಡು ಕೇಳುವುದು? ತಾನೂ ನೋಡಿರಲಿಲ್ಲವಲ್ಲ.

ಕಾರ್ಯದರ್ಶಿ ಹೂಗುಚ್ಛವನ್ನು ಅವನ ಕೈಗಿಟ್ಟರು. "ಬಾಡೋದರೊಳಗೆ ನಿಮ್ಮ ಕ್ಯಾಪ್ಟನ್‌ಗೆ ಕೊಟ್ಟು ಬಂದ್ಬಿಡಿ. ಧೈರ್ಯವಾಗಿ ಹೋಗಿ, ಶುಕ್ರ ಈಗ ಇರಲ್ಲ."

ತಲೆ ತಗ್ಗಿಸಿ ಗೇಟು ದಾಟಿದ. ರಸ್ತೆಯಲ್ಲಿ ಎದುರಿಗೊಂದು ಬೆಳಕು ಕಂಡಿತು. ಕದಲಲಿಲ್ಲ. ಇನ್ನೊಮ್ಮೆ ನಗೆಪಾಟಲಾಗಬಾರದೆಂದು ಅವನು ಹಲ್ಲುಕಚ್ಚಿ ನೆಟ್ಟಗೆ ನಡೆದ.

ಸ್ಕೂಟರಿನವನು ಬ್ರೇಕ್ ಹಾಕುವಷ್ಟರಲ್ಲಿ ಹೂಗುಚ್ಛ ಚಕ್ರದಡಿಯಲ್ಲಿತ್ತು, ಸಹಪೈಲಟ್ ಚರಂಡಿಯಲ್ಲಿದ್ದ. ಗೇಟಿನ ಬಳಿ ಅತ್ತೆ ಪಕ್ಕದ ಮನೆಯಾಕೆಗೆ ಹೇಳುತ್ತಿದ್ದರು: "ನೋಡಿದ್ರಾ? ಆಕಾಶದಲ್ಲಿ ಗ್ರಹಕ್ಕೆ ದಾರಿ ಬಿಡ್ತಾನೆ, ನೆಲದ ಮೇಲೆ ಸ್ಕೂಟರ್‌ಗೆ ಬಿಡಲ್ಲ. ಅದಕ್ಕೇ ಇವನನ್ನ ಇನ್ನೂ ಕ್ಲೀನರ್ ಆಗಿ ಇಟ್ಕೊಂಡಿರೋದು."